ಅವ್ವನ ಹೆಸರಿನಲ್ಲಿ ಹೋದ ಎಂಜಲು

ತಮ್ಮ ತೀರಿಕೊಂಡ ಮೇಲೆ ಬಹಳ ದಿನ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟಷ್ಟು ದಿನವೂ ಅವನ ಮಗಳ ಜೀವಕ್ಕೆ ಅಪಾಯವಿತ್ತು. ಅದು ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿಬಿಡಲಿಲ್ಲ. ಈಗ ಬರೆಯುತ್ತಿರುವುದು ಅದನ್ನೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಒಂದು ದಿನ ಫಸ್ಟ್ ಶಿಫ್ಟ್ ಮುಗಿಸಿ ಸೈಕಲ್ ತುಳಿದುಕೊಂಡು ಬರುತ್ತಿದ್ದವರು ಏರು ಹತ್ತುವಾಗ ಸೈಕಲ್ ಸಮೇತ ಬಿದ್ದರು. ಮತ್ತೆ ಏಳಲಿಲ್ಲ. ತಲೆಯಲ್ಲಿ ಒಂದು ಕೂದಲೂ ನೆರೆದಿರಲಿಲ್ಲ. ಬಿಸಿಲು ಅಂದರು, ಗಾಳಿ ಬಡಿದಿದೆ ಅಂದರು, ಪಕ್ಕದ ಮನೆಯ ತಮಿಳಿನ ಅಮ್ಮ ಯಾರದೋ ಕಣ್ಣು ಬಿತ್ತು ಅಂತ ಅತ್ತರು. ಕ್ವಾರ್ಟರ್ಸ್ ಬಿಟ್ಟು ನಾವು ಓಲ್ಡ್ ಟೌನಿನ ಒಂದು ವಠಾರಕ್ಕೆ ಬಂದೆವು. ಅವ್ವ ಮನೆಮನೆ ಕೆಲಸಕ್ಕೆ ಹೋದಳು. ಆಗಷ್ಟೇ ನಡೆಯಲು ಕಲಿತಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ನಾನು ಮನೆಯಲ್ಲಿ ಉಳಿದೆ. ಅವನಿಗೆ ಅಪ್ಪನ ಮುಖ ನೆನಪಿರಲಿಲ್ಲ. ನನ್ನ ಸೊಂಟ ನೆನಪಿದೆ ಅಂತ ದೊಡ್ಡವನಾದ ಮೇಲೆ ತಮಾಷೆ ಮಾಡುತ್ತಿದ್ದ.

ಮುಂದೆ ಓಲ್ಡ್ ಟೌನಿನಲ್ಲೇ ಹಿಟ್ಟಿನ ಗಿರಣಿಯವರ ಮನೆಗೆ ಮದುವೆಯಾಗಿ ಹೋದೆ. ಅವ್ವ, ತಮ್ಮ ಇಬ್ಬರೂ ನನ್ನ ಹಿಂದೆಯೇ ಬಂದರು. ನನ್ನ ಗಂಡ ಒಂದು ಮಾತು ಆಡಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ತಮ್ಮ ಗಿರಣಿಯ ಮೂಟೆಗಳ ಮೇಲೆ ಕೂತು ಓದಿದ. ಪುಸ್ತಕದ ತುಂಬ ಹಿಟ್ಟು ಇರುತ್ತಿತ್ತು. ಕಾಲೇಜು ದಾಟಿ ಇನ್ನೂ ಏನೇನೋ ಓದಿ ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ. ಹೈಸ್ಕೂಲಿನಲ್ಲಿ ಪಾಠ ಮಾಡುವ ಹುಡುಗಿಯನ್ನು ಮದುವೆಯಾಗಿ ಸವಳಂಗ ರಸ್ತೆಯ ಕಡೆ ಮನೆ ಮಾಡಿದ. ಅವರಿಗೆ ಒಬ್ಬಳು ಮಗಳು.

ಅವನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಕಂಪ್ಯೂಟರ್ ಅನ್ನುತ್ತಿದ್ದೆ. ಒಂದು ಭಾನುವಾರ ಬಂದವನೇ ಜಗಳ ತೆಗೆದ.

"ಅಕ್ಕಾ, ಎಲ್ರ ಹತ್ರನೂ ನಾನು ಕಂಪ್ಯೂಟರ್ ರಿಪೇರಿ ಮಾಡ್ತೀನಿ ಅಂತ ಹೇಳಿದೀಯಂತೆ. ಮೊನ್ನೆ ನಿಮ್ಮೂರಿನೋರು ಯಾರೋ ಪ್ರಿಂಟರ್ ಹೊತ್ಕೊಂಡು ಮನೆಗೇ ಬಂದಿದ್ರು."

"ಮತ್ತೇನ್ ಮಾಡ್ತೀಯೋ ನೀನು? ದಿನಾ ಅದರ ಮುಂದೇನೇ ಕೂತಿರ್ತೀಯ."

"ನೆಂಟಸ್ತಿಕೆ ಹುಡುಕ್ತೀನಿ."

"ಬ್ರೋಕರ್ ಕೆಲ್ಸನಾ?"

"ಹೂಂ ಮಾರಾಯ್ತಿ. ಮನುಷ್ಯಂಗೂ ಮೀನಿಗೂ."

ಅಂದು ಅವನು ಗಿರಣಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದ. ನನಗೆ ತಿಳಿದಷ್ಟು ಹೇಳುತ್ತೇನೆ. ಜೀವ ಇರುವ ಪ್ರತಿಯೊಂದರ ಒಳಗೂ ಆ ದೇಹವನ್ನು ಕಟ್ಟುವ ವಿಧಾನ ಅಕ್ಷರ ಅಕ್ಷರವಾಗಿ ಬರೆದಿರುತ್ತದಂತೆ. ಅದರ ಒಂದೊಂದು ತುಂಡಿಗೆ ಜೀನ್ ಅನ್ನುತ್ತಾರೆ. ಹೃದಯ ಬಡಿಯುವುದಕ್ಕೆ ಬೇಕಾದ ಒಂದು ಜೀನ್ ನಮ್ಮಲ್ಲಿದೆ, ನಾಯಿಯಲ್ಲಿದೆ, ಇಲಿಯಲ್ಲಿದೆ, ಕೋಳಿಯಲ್ಲೂ ಕಪ್ಪೆಯಲ್ಲೂ ಮೀನಿನಲ್ಲೂ ಇದೆ. ಬೇರೆ ಬೇರೆ ದೇಶದವರು ಅವನ್ನೆಲ್ಲ ಓದಿ ಒಂದು ಕಡೆ ಹಾಕಿರುತ್ತಾರೆ. ಅದಕ್ಕೆ ಡೇಟಾಬೇಸ್ ಅಂತ ಹೆಸರು. ಯಾರು ಬೇಕಾದರೂ ತೆಗೆದು ಒಂದರ ಕೆಳಗೊಂದು ಇಟ್ಟು ಹೋಲಿಸಿ ನೋಡಬಹುದು. ಮೀನಿನ ಜೀನ್‌ಗೂ ಮನುಷ್ಯನ ಜೀನ್‌ಗೂ ಒಂದೇ ಹೆಸರು ಕೊಟ್ಟಿದ್ದರೆ, ಅವು ನಿಜವಾಗಿಯೂ ಒಂದೇ ಮೂಲದಿಂದ ಇಳಿದು ಬಂದವೋ ಅಲ್ಲವೋ ಎಂದು ಪರೀಕ್ಷೆ ಮಾಡುವುದು ನನ್ನ ತಮ್ಮನ ಕೆಲಸ.

"ಅಡ್ಡಹೆಸರು ಒಂದೇ ಇದ್ದ ಮಾತ್ರಕ್ಕೆ ದಾಯಾದಿಗಳಾಗ್ತಾರಾ ಅಕ್ಕಾ? ಹೆಸರು ನಂಬಬಾರ್ದು. ಕವಲು ಎಲ್ಲಿ ಒಡೀತು ಅಂತ ನೋಡ್ಬೇಕು," ಅಂದ. ಯಾರೋ ಒಬ್ಬರು ಕೋಳಿಯದಕ್ಕೆ ತಪ್ಪು ಹೆಸರು ಕೊಟ್ಟು ಹಾಕಿದ್ದಾರೆ, ಅದನ್ನು ನೋಡಿ ಇನ್ನೊಂದು ಡೇಟಾಬೇಸಿನವರು ಹಾಕಿಕೊಂಡಿದ್ದಾರೆ, ಅವರನ್ನು ನೋಡಿ ಮತ್ತೊಬ್ಬರು. ಈಗ ಮೊದಲನೆಯದನ್ನು ತಿದ್ದಿದರೂ ಉಳಿದವು ಹಾಗೇ ಇರುತ್ತವೆ ಎಂದು ಗೊಣಗಿದ.

ನನ್ನ ಗಂಡ ಜರಡಿ ಹಿಡಿಯುತ್ತಾ ನಕ್ಕರು. "ನಮ್ಮಲ್ಲಿ ರಾಗಿ ಹೋಗಿ ಗೋಧಿಗೆ ಸೇರಿದ್ರೆ ಗಿರಾಕಿ ಸಂಜೆ ಒಳಗೆ ಡಬ್ಬಿ ಸಮೇತ ವಾಪಸ್ ಬರ್ತಾನಪ್ಪ, ಬೈಯೋಕೆ."

"ನಮ್ಮಲ್ಲಿ ಗಿರಾಕಿಗೆ ಗೊತ್ತೇ ಆಗಲ್ಲ ಭಾವ. ಅದೇ ಕಷ್ಟ."

ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಬೀದಿಯಲ್ಲಿ ಕೆದಕಿಕೊಂಡು ತಿನ್ನುವ ಕೋಳಿಗೂ ನನಗೂ ಎದೆಯೊಳಗಿನ ಬರಹ ಒಂದೇ ಅನ್ನುವುದು. ಅದು ನನಗೆ ಬಹಳ ಚಂದ ಕಂಡಿತು. ವಾರಗಟ್ಟಲೆ ಗಿರಣಿಗೆ ಬಂದವರಿಗೆಲ್ಲ ಹೇಳಿದೆ.

ಅದಾಗಿ ವರ್ಷ ತುಂಬುವುದರೊಳಗೆ ತಮ್ಮ ಶಟಲ್ ಆಡುವಾಗ ಕಣ್ಣು ಕತ್ತಲೆ ಬಂದು ಬಿದ್ದ. ಬೆಳಿಗ್ಗೆ ಗೆಳೆಯರ ಜೊತೆ ಆಡುವುದು ಅವನ ಒಂದೇ ಚಟ. ನೀರು ಹಾಕಿದರು, ಎದ್ದು ಕೂತ. ಶಿವಮೊಗ್ಗದ ಡಾಕ್ಟರು ಇಸಿಜಿ ತೆಗೆದು, ಸ್ವಲ್ಪ ಅನುಮಾನ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಆಟ ನಿಲ್ಲಿಸಿ ಅಂದರು. ರಕ್ತ ಬೆಂಗಳೂರಿಗೆ ಹೋಯಿತು. ಬಂದ ವರದಿಯಲ್ಲಿ, ಹೃದಯದ ಜೀನ್ ಒಂದರಲ್ಲಿ ಒಂದು ಅಕ್ಷರ ಬೇರೆ ಇದೆ, ಅದರಿಂದ ತೊಂದರೆ ಉಂಟೋ ಇಲ್ಲವೋ ಹೇಳಲಾಗದು ಎಂದಿತ್ತು.

ಹೇಳಲಾಗದು ಅನ್ನುವುದನ್ನು ಅವನಿಂದ ಸಹಿಸಲಾಗಲಿಲ್ಲ. ಅವನದು ಅದೇ ಕೆಲಸವಲ್ಲವೇ. ಡೇಟಾಬೇಸ್ ತೆರೆದು ಆ ಜೀನನ್ನು ಸಿಕ್ಕ ಪ್ರಾಣಿಗಳದ್ದೆಲ್ಲ ತೆಗೆದು ಒಂದರ ಕೆಳಗೊಂದು ಜೋಡಿಸಿದ. ಭದ್ರಾವತಿಗೆ ಬಂದಾಗ ನನಗೂ ತೋರಿಸಿದ. ಇಂಗ್ಲಿಷ್ ಅಕ್ಷರ ಓದುವಷ್ಟು ನನಗೆ ಬರುತ್ತದೆ. ಮನುಷ್ಯ, ಮಂಗ, ನಾಯಿ, ಇಲಿ, ಕೋಳಿ, ಕಪ್ಪೆ, ಮೀನು. ಆ ಜಾಗದಲ್ಲಿ ಮೇಲಿಂದ ಕೆಳಗೆ ನೂಲು ಹಿಡಿದ ಹಾಗೆ ಆರ್, ಆರ್, ಆರ್, ಆರ್. ಎಲ್ಲಕ್ಕಿಂತ ಕೆಳಗೆ ತನ್ನ ಸಾಲು ಹಾಕಿದ್ದ. ಅಲ್ಲಿ ಮಾತ್ರ ಎಚ್.

"ಅಕ್ಕಪಕ್ಕ ನೋಡು, ಬೇರೆ ಜಾಗದಲ್ಲಿ ಒಂದೊಂದು ಪ್ರಾಣಿಗೆ ಒಂದೊಂದು ಅಕ್ಷರ ಇದೆ. ಇಲ್ಲಿ ಮಾತ್ರ ಯಾರೂ ಬದಲಾಗಿಲ್ಲ," ಅಂದ.

"ಯಾಕೆ ಬದಲಾಗಿಲ್ಲ?"

ಅವನು ಪರದೆಯನ್ನೇ ನೋಡುತ್ತಿದ್ದ. "ಬದಲಾಗಿರುತ್ತೆ ಅಕ್ಕಾ. ಬದಲಾದವು ಉಳಿದಿರಲ್ಲ. ಅದಕ್ಕೇ ಇಲ್ಲಿ ಕಾಣ್ಸಲ್ಲ."

ಆ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಆದರೆ ಪ್ರಾಣಿಗಳ ಸಾಕ್ಷಿ ಒಂದೇ ಸಾಲದಂತೆ. ಮನೆಯವರದ್ದೂ ನೋಡಬೇಕು. ಅಪ್ಪ ಇಲ್ಲ. ಇರುವವಳು ಅವ್ವ, ಎಪ್ಪತ್ತರ ಹತ್ತಿರದವಳು, ಜನ್ಮದಲ್ಲಿ ಒಮ್ಮೆ ತಲೆ ತಿರುಗಿ ಕೂತವಳಲ್ಲ. ಅವಳ ಎಂಜಲಿನಲ್ಲಿ ಆ ಒಂದು ಜಾಗ ಓದಿಸಬೇಕು. ಸಣ್ಣದೊಂದು ಪ್ಲಾಸ್ಟಿಕ್ ಕೊಳವೆ ತಂದು ನನ್ನ ಕೈಗೆ ಕೊಟ್ಟ. ಅದರ ಮೇಲೆ ಅವ್ವನ ಹೆಸರು ಅಂಟಿಸಿತ್ತು. ಬಾಯಿ ತೊಳೆದು ಅರ್ಧ ಗಂಟೆ ಏನೂ ತಿನ್ನದೆ ಇರಬೇಕು, ಆಮೇಲೆ ಗೆರೆಯವರೆಗೆ ಉಗುಳಿಸಬೇಕು, ಮುಚ್ಚಳ ಹಾಕಿ ಅಲ್ಲಾಡಿಸಬೇಕು.

"ಎಲೆ ಅಡಿಕೆ ಹಾಕೋಕೆ ಬಿಡ್ಬೇಡ ಅಕ್ಕಾ. ಇದೊಂದು ಕೆಲ್ಸ ನೆಟ್ಟಗೆ ಮಾಡು, ನಿನ್ನ ಕಾಲಿಗೆ ಬೀಳ್ತೀನಿ," ಅಂದು ಬಸ್ಸಿಗೆ ಹೊರಟ. ಮಾರನೆಯ ದಿನ ಅವನ ಜೊತೆ ಕೆಲಸ ಮಾಡುವ ಹುಡುಗಿ ಬಂದು ಕೊಳವೆ ತೆಗೆದುಕೊಂಡು ಹೋಗುವವಳಿದ್ದಳು. ಅವಳದ್ದೂ ಭದ್ರಾವತಿ.

ಅವ್ವನ ಬಾಯಲ್ಲಿ ಎಲೆ ಅಡಿಕೆ ಇಲ್ಲದ ಗಳಿಗೆ ನಾನು ನೋಡಿದ್ದು ಅವಳು ನಿದ್ದೆ ಮಾಡುವಾಗ ಮಾತ್ರ. ಮೊದಲು ಅವಳು ಕೊಳವೆ ಮುಟ್ಟಲೇ ಇಲ್ಲ.

"ಎಂಜಲು ಕೊಡೋದೇನೇ? ಮಾಟ ಮಾಡ್ಸೋರು ಕೇಳೋದು ಇದನ್ನೆಲ್ಲ, ಕೂದ್ಲು, ಉಗುರು, ಎಂಜಲು."

"ನಿನ್ನ ಮಗನೇ ಕೇಳಿರೋದು ಕಣವ್ವ."

"ಅವನು ಮೀನಿಗೂ ನಂಗೂ ನೆಂಟಸ್ತನ ಕಟ್ಟೋನು. ಅವನ ಮಾತು ಕೇಳ್ತಾರೇನೇ?"

ಹೇಗೋ ಒಪ್ಪಿಸಿದೆ. ಬಾಯಿ ತೊಳೆಸಿ ಹಿತ್ತಲ ಬಾಗಿಲಲ್ಲಿ ಕೂರಿಸಿದೆ. ಅಷ್ಟರಲ್ಲಿ ಗಿರಣಿಯಲ್ಲಿ ಜನ ಸೇರಿತು. ನಾನು ಎರಡು ಡಬ್ಬಿ ಬೀಸಿ ಬರುವುದರೊಳಗೆ ಅವಳೇ ಉಗುಳಿ ಕೊಳವೆಯನ್ನು ಕಿಟಕಿಯಲ್ಲಿ ಇಟ್ಟಿದ್ದಳು. ಕೆಂಪಗಿತ್ತು. ಅದರಲ್ಲಿ ಅಡಿಕೆ ಚೂರು ತೇಲುತ್ತಿತ್ತು.

"ಒಂದು ಚೂರು ಹಾಕ್ಕೊಂಡೆ ಕಣೇ. ಬಾಯಿ ಒಣಗಿ ಉಗುಳೇ ಬರ್ಲಿಲ್ಲ," ಅಂದಳು.

ನನಗೆ ಅಳು ಬಂತು. ಇದ್ದದ್ದು ಒಂದೇ ಕೊಳವೆ. ತಮ್ಮ ಬೈಯುತ್ತಿರಲಿಲ್ಲ, ಅವನು ಬೈಯುವವನಲ್ಲ. ಹೋಗ್ಲಿ ಬಿಡು ಅಕ್ಕಾ ಅಂತ ನಕ್ಕುಬಿಡುತ್ತಿದ್ದ. ಆ ನಗು ನನಗೆ ಬೇಡವಾಗಿತ್ತು. ಓದಿದವರ ಮನೆಯಲ್ಲಿ ಓದದವಳಿಗೆ ಸಿಗುವ ನಗು ಅದು. ಹೆಂಡತಿಯ ಹತ್ತಿರ, ನಮ್ಮಕ್ಕಂಗೆ ಹೇಳಿದ್ದೇ ನನ್ನ ತಪ್ಪು ಅಂತ ಅಂದಾನು ಅನ್ನಿಸಿತು.

ಕೊಳವೆಯನ್ನು ನಲ್ಲಿಯ ಕೆಳಗೆ ತೊಳೆದೆ. ಸೆರಗಿನಲ್ಲಿ ಒರೆಸಿ ಒಣಗಿಸಿದೆ. ಆಮೇಲೆ ಅದರಲ್ಲಿ ನಾನೇ ಉಗುಳಿದೆ.

ಆ ಹೊತ್ತಿನಲ್ಲಿ ನನಗೆ ಅದು ಮೋಸ ಅನ್ನಿಸಲೇ ಇಲ್ಲ. ಇದನ್ನು ಯಾರೂ ನಂಬಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಕೋಳಿಯದೂ ನಮ್ಮದೂ ಒಂದೇ ಅಂದಮೇಲೆ ಅವ್ವನದೂ ನನ್ನದೂ ಬೇರೆ ಎಲ್ಲಿಂದ ಬಂದೀತು? ಅವಳ ಹೊಟ್ಟೆಯಲ್ಲೇ ಹುಟ್ಟಿದವಳು ನಾನು. ಮೀನಿನ ತನಕ ಬದಲಾಗದ್ದು ಹಿತ್ತಲಿನಿಂದ ಗಿರಣಿಗೆ ಬರುವುದರೊಳಗೆ ಬದಲಾದೀತೇ? ಹೀಗೆ ಯೋಚಿಸಿದೆ. ಒಬ್ಬರ ಹಿಟ್ಟು ಇನ್ನೊಬ್ಬರ ಡಬ್ಬಿಗೆ ಬೀಳದ ಹಾಗೆ ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದವಳು, ಅವ್ವನ ಹೆಸರಿನ ಕೊಳವೆಗೆ ಮುಚ್ಚಳ ಹಾಕಿ ಅಲ್ಲಾಡಿಸಿ ಆ ಹುಡುಗಿಯ ಕೈಗೆ ಕೊಟ್ಟೆ.

ಸ್ವಲ್ಪ ದಿನದ ಮೇಲೆ ತಮ್ಮ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬಂದ. ಗಿರಣಿಯ ಸದ್ದಿನಲ್ಲಿ ನನಗೆ ಕೇಳಿಸಲಿ ಅಂತ ಕಿವಿಯ ಹತ್ತಿರ ಬಂದು ಕೂಗಿದ.

"ಅವ್ವಂಗೂ ಇದೆ ಅಕ್ಕಾ! ಅದೇ ಎಚ್! ಎಪ್ಪತ್ತು ವರ್ಷ ಕಲ್ಲು ಗುಂಡಿನ ಥರ ಇದಾಳೆ!"

ಅವ್ವನನ್ನು ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದ. ಅದರಲ್ಲಿ ಏನೂ ದೋಷವಿರಲಿಲ್ಲ. ಅವ್ವ ಇಡೀ ಬೀದಿಗೆ ತನ್ನ ಹೃದಯ ಹುಡುಗಿಯರ ಹೃದಯ ಇದ್ದ ಹಾಗಿದೆ ಅಂತ ಹೇಳಿಕೊಂಡು ಓಡಾಡಿದಳು. ಡಾಕ್ಟರು ಎರಡನ್ನೂ ನೋಡಿ, ಹಾಗಾದರೆ ಆ ಅಕ್ಷರದ ಮೇಲೆ ಅನುಮಾನ ಕಮ್ಮಿಯಾಯಿತು, ಆದರೂ ಮಾತ್ರೆ ಕೆಲವು ದಿನ ನಡೆಯಲಿ ಅಂದರಂತೆ. ಮಾತ್ರೆ ನುಂಗಿದರೆ ಮೈಯೆಲ್ಲ ಭಾರ, ಮಧ್ಯಾಹ್ನ ಕಣ್ಣು ಎಳೆಯುತ್ತದೆ ಅಂತ ತಮ್ಮ ತಾನೇ ಬಿಟ್ಟ. ಅಷ್ಟೇ ಅಲ್ಲ. ಇನ್ನೊಬ್ಬರಿಗೂ ಉಪಯೋಗವಾಗಲಿ ಎಂದು, ಈ ಅಕ್ಷರ ಆರೋಗ್ಯವಾಗಿರುವ ಒಬ್ಬ ವಯಸ್ಸಾದ ಹೆಂಗಸಿನಲ್ಲಿ ಕಂಡಿದೆ ಎಂದು ಎಲ್ಲರೂ ನೋಡುವ ಒಂದು ಡೇಟಾಬೇಸಿಗೆ ಬರೆದು ಕಳಿಸಿದ. ಹೆಸರಿಲ್ಲ, ಊರಿಲ್ಲ. ಒಬ್ಬ ಹೆಂಗಸು, ಅಷ್ಟೆ.

ನಾನು ಬಿಸ್ಕತ್ತು ತಿಂದೆ. ನೋಡು, ನಾನು ಅಂದುಕೊಂಡ ಹಾಗೇ ಆಯಿತು, ಅವ್ವನದೂ ನನ್ನದೂ ಒಂದೇ ಅಂತ ಒಳಗೊಳಗೇ ಹಗುರವಾದೆ. ಅದು ಬರೀ ನನ್ನದು ಅನ್ನುವುದು ಹೊಳೆಯಲೇ ಇಲ್ಲ.

ಹೊಳೆದದ್ದು ಯುಗಾದಿಗೆ ಅವರೆಲ್ಲ ಬಂದಾಗ. ಊಟ ಮುಗಿಸಿ ಜಗುಲಿಯ ಮೇಲೆ ಕೂತಿದ್ದೆವು. ಮಗು ಬೀದಿಯಲ್ಲಿ ಆಡುತ್ತಿತ್ತು. ತಮ್ಮ ಅದನ್ನು ನೋಡುತ್ತಾ, ಅಪ್ಪ ಸತ್ತಿದ್ದು ಬೇರೆ ಏನೋ ಆಗಿ ಅನ್ಸುತ್ತೆ, ಸದ್ಯ ಅಂದ. ಯಾಕೆ ಅಂದೆ. ಪ್ರತಿ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನಿಂದ, ಒಂದು ಅವ್ವನಿಂದ. ಈ ಎಚ್ ಅವ್ವನಿಂದ ಬಂದಿದ್ದು ಅಂತ ಗೊತ್ತಾಯಿತಲ್ಲ, ಅಂದಮೇಲೆ ರಸ್ತೆಯಲ್ಲಿ ಬಿದ್ದು ಸತ್ತ ಅಪ್ಪನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದ.

ನಾನು ಬೀದಿಯ ಕಡೆಯಿಂದ ಅವನ ಕಡೆ ತಿರುಗಿದೆ.

"ಅವ್ವಂಗೆ ಇಲ್ಲದೇ ಹೋಗಿದ್ರೆ?"

"ಆಗ ಅಪ್ಪಂದು ಅಂತ ಆಗ್ತಿತ್ತು. ಆಗ ಕಥೆನೇ ಬೇರೆ. ನಾನಿಷ್ಟು ಹೊತ್ತಿಗೆ ಎದೇಲಿ ಮಷೀನ್ ಹಾಕಿಸ್ಕೊಂಡು ಕೂತಿರ್ತಿದ್ದೆ. ಯಾಕೆ ಕೇಳ್ದೆ?"

ಅವನು ನನ್ನ ಮುಖ ನೋಡಿದ. ಹೇಳಬಹುದಾಗಿತ್ತು. ಅವ್ವ ಒಳಗೆ ಅಡಿಕೆ ಕತ್ತರಿಸುವ ಸದ್ದು ಬರುತ್ತಿತ್ತು, ಅವನ ಹೆಂಡತಿ ಕಂಬಕ್ಕೆ ಒರಗಿ ಕೂತಿದ್ದಳು, ಬೇರೆ ಯಾರೂ ಇರಲಿಲ್ಲ. ಒಂದೇ ಮಾತು. ಆ ಕೊಳವೆಯಲ್ಲಿ ಇದ್ದದ್ದು ನನ್ನದು ಕಣೋ.

"ಸುಮ್ನೆ ಕೇಳ್ದೆ," ಅಂದೆ.

"ನೋಡೇ, ನಮ್ಮಕ್ಕ ಎಷ್ಟು ಶಾರ್ಪು. ಓದಿಸಿದ್ರೆ ನನ್ನ ಕೆಲ್ಸಕ್ಕೇ ಕುತ್ತು ತರ್ತಿದ್ಲು," ಅಂತ ಹೆಂಡತಿಗೆ ಹೇಳಿ ನಕ್ಕ. ಅವಳೂ ನಕ್ಕಳು. ಅವರ ಎದುರಿಗೆ ನಾನು ಶಾರ್ಪು ಅನ್ನಿಸಿಕೊಂಡದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲಾರದೆ ಬಾಯಿ ಮುಚ್ಚಿಕೊಂಡೆ. ಕೊಳವೆ ತೊಳೆದದ್ದಕ್ಕೆ ನನ್ನ ಅಜ್ಞಾನ ಅಂತ ಹೇಳಬಹುದು. ಇದಕ್ಕೆ ಹೇಳಲಿಕ್ಕೆ ಏನೂ ಇಲ್ಲ. ನಾಳೆ ಫೋನು ಮಾಡಿ ಹೇಳೋಣ ಅಂದುಕೊಂಡೆ. ನಾಳೆ ಆಯಿತು, ವಾರ ಆಯಿತು. ಅವನು ಮತ್ತೆ ಶಟಲ್ ಶುರುಮಾಡಿದ್ದ, ಚೆನ್ನಾಗಿಯೇ ಇದ್ದ. ಚೆನ್ನಾಗಿರುವವನಿಗೆ ಯಾಕೆ ಹೇಳಬೇಕು ಅಂತ ಮನಸ್ಸು ದಾರಿ ಹುಡುಕಿತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗಿರಣಿ ಓಡುತ್ತಿದ್ದಾಗ ಫೋನು ಕಟ್ಟೆಯ ಮೇಲೆ ಹಿಟ್ಟಿನಲ್ಲಿ ಅದುರುತ್ತಾ ಸರಿಯುತ್ತಿತ್ತು. ಸದ್ದಿಗೆ ಕೇಳಿಸಿರಲಿಲ್ಲ. ಎತ್ತಿಕೊಂಡಾಗ ತಮ್ಮನ ಹೆಂಡತಿ. ಆಟದ ಅಂಗಳದಲ್ಲಿ ಬಿದ್ದ, ಈ ಸಲ ನೀರು ಹಾಕಿದರೂ ಏಳಲಿಲ್ಲ.

ಹದಿಮೂರನೇ ದಿನದ ಕಾರ್ಯ ಕಳೆದ ಮೇಲೆ ಡಾಕ್ಟರು ಮಗುವನ್ನು ಕರೆಸಿ ಇಸಿಜಿ ತೆಗೆದರು. ಏನೂ ಕಾಣಲಿಲ್ಲ. ಆ ಅಕ್ಷರ ಅಜ್ಜಿಯಲ್ಲೂ ಇರುವುದರಿಂದ ಅದನ್ನೇ ದೂರುವ ಹಾಗಿಲ್ಲ, ಬೇರೆ ಕಾರಣ ಇರಬಹುದು, ಮಗುವನ್ನು ವರ್ಷಕ್ಕೊಮ್ಮೆ ತೋರಿಸಿ ಅಂದರು. ಅವರ ಮುಂದಿದ್ದ ಕಾಗದ ಹಾಗೆ ಹೇಳುತ್ತಿತ್ತು. ಅವರು ಇನ್ನೇನು ಹೇಳಿಯಾರು? ಮಗು ಶಾಲೆಯ ಖೋ ಖೋ ತಂಡದಲ್ಲಿ ಓಡುತ್ತಲೇ ಇತ್ತು. ಅಪ್ಪನ ಹಾಗೇ ಉದ್ದ ಕಾಲು.

ಅವ್ವ ಎಲೆ ಅಡಿಕೆ ಬಿಟ್ಟಳು. "ನನ್ನಿಂದಲೇ ಬಂದಿದ್ದಂತಲ್ಲೇ ಅವನಿಗೆ. ನಂಗೆ ಏನೂ ಮಾಡ್ಲಿಲ್ಲ, ಅವನ್ನ ತಗೊಂಡು ಹೋಯ್ತು," ಅಂತ ಗೋಡೆಗೆ ಹೇಳುತ್ತಿದ್ದಳು. ಡಾಕ್ಟರು ಅದರಿಂದಲ್ಲ ಅಂದಿದ್ದರೂ ಅವಳ ಹೆತ್ತ ಕರುಳು ಒಪ್ಪಲಿಲ್ಲ. ನಾನು ಅವಳ ತಟ್ಟೆಗೆ ಅನ್ನ ಬಡಿಸಿ, ಊಟ ಮಾಡವ್ವ ಅನ್ನುತ್ತಿದ್ದೆ. ನನ್ನದನ್ನು ಅವಳ ತಲೆಯ ಮೇಲೆ ಇಟ್ಟು ನಾನು ಬಡಿಸುತ್ತಿದ್ದೆ.

ಆ ದಿನಗಳನ್ನು ಹೇಗೆ ಹೇಳಲಿ? ಬೀದಿಯ ಕೋಳಿ ಕತ್ತು ಓರೆ ಮಾಡಿ ನೋಡಿದರೆ ನಾನು ಕಣ್ಣು ತಪ್ಪಿಸುತ್ತಿದ್ದೆ. ಗಿರಣಿಯ ಬಾಗಿಲಲ್ಲಿ ಮಲಗುವ ನಾಯಿಯ ಪಕ್ಕೆ ಏರಿ ಇಳಿಯುವುದನ್ನು ನೋಡುತ್ತಾ ನಿಂತುಬಿಡುತ್ತಿದ್ದೆ. ಅದರೊಳಗೆ ಆರ್ ಇದೆ. ಮೂಟೆಯ ಸಂದಿಯಲ್ಲಿ ಓಡುವ ಇಲಿಯೊಳಗೆ ಆರ್ ಇದೆ. ಸೇತುವೆಯ ಮೇಲೆ ಹೋಗುವಾಗ ಕೆಳಗೆ ಭದ್ರಾ ಹೊಳೆಯಲ್ಲಿ ಕಾಣದ ಮೀನುಗಳೊಳಗೂ ಇದೆ. ಅವೆಲ್ಲ ನನ್ನ ತಮ್ಮನಿಗೆ ಒಂದೇ ಮಾತು ಹೇಳಿದ್ದವು, ಹುಷಾರು ಅಂತ. ಬಾಯಿಲ್ಲದವು ನಿಜ ಹೇಳಿದ್ದವು. ಅವನು ಅವನ್ನೆಲ್ಲ ಬಿಟ್ಟು ಮನೆಯವಳ ಸಾಕ್ಷಿ ನಂಬಿದ. ನನ್ನ ಎದೆ ಬಡಿಯುವುದು ಕೇಳಿಸಿದರೂ ಭಯವಾಗುತ್ತಿತ್ತು. ಅಪ್ಪನನ್ನು ಬೀಳಿಸಿದ ಅಕ್ಷರ ನನ್ನೊಳಗೂ ಇದೆಯಲ್ಲ. ಅವರಿಬ್ಬರನ್ನು ಕರೆದುಕೊಂಡು ಹೋದದ್ದು ನನ್ನನ್ನು ಯಾಕೆ ಬಿಟ್ಟಿದೆ ಅಂತ ಗಿರಣಿಯ ಬೆಲ್ಟು ತಿರುಗುವುದನ್ನು ನೋಡುತ್ತಾ ಯೋಚಿಸುತ್ತಿದ್ದೆ.

ಮುಂದಿನ ವರ್ಷ ದಸರಾ ರಜೆಗೆ ಮಗು ಭದ್ರಾವತಿಗೆ ಬಂತು. ಅವಳಿಗೆ ಆಗ ಹತ್ತು ತುಂಬಿತ್ತು. ಹಿತ್ತಲಲ್ಲಿ ಪಕ್ಕದ ಮನೆಯ ಮಕ್ಕಳ ಜೊತೆ ಓಡಾಡುತ್ತಿದ್ದವಳು ಇದ್ದಕ್ಕಿದ್ದಂತೆ ಒಗೆಯುವ ಕಲ್ಲಿನ ಮೇಲೆ ಕೂತಳು. ನಾನು ಬಟ್ಟೆ ಹಿಂಡುತ್ತಿದ್ದೆ.

"ಏನಾಯ್ತೇ?"

"ಏನಿಲ್ಲ ಅತ್ತೆ. ಎದೇಲಿ ಡಬಡಬ ಅಂದು ಒಂದ್ಸಲ ನಿಂತಂಗಾಯ್ತು. ಆಗಾಗ ಆಗುತ್ತೆ. ಅಮ್ಮಂಗೆ ಹೇಳ್ಬೇಡ, ಟೀಮಿಂದ ತೆಗೆಸ್ತಾಳೆ."

ಹೇಳಬೇಡ ಅನ್ನುವ ಮಾತು ಆ ಪುಟ್ಟ ಬಾಯಿಂದ ಬಂದಾಗ ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಒದ್ದೆ ಸೀರೆಯಲ್ಲೇ ಮಗುವನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಶಿವಮೊಗ್ಗದ ಖಾಸಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ ಅವಳ ಕೈ ಹಿಡಿದುಕೊಂಡೆ. ದಾರಿಯುದ್ದಕ್ಕೂ ನನ್ನ ಬೆರಳು ಅವಳ ನಾಡಿಯ ಮೇಲಿತ್ತು. "ಬಿಡು ಅತ್ತೆ, ನೋಯುತ್ತೆ," ಅಂದಳು. ಬಿಡಲಿಲ್ಲ.

ತಮ್ಮನ ಹೆಂಡತಿ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದಳು. ರಜೆ ಮುಗಿಯುವ ಮೊದಲೇ ನಮ್ಮನ್ನು ನೋಡಿ ಗಾಬರಿಯಾದಳು. ಮಗುವನ್ನು ಕೆಳಗೆ ಟೀವಿ ಮುಂದೆ ಕೂರಿಸಿ ಮೇಲೆ ಹೋಗಿ ಹೇಳಿದೆ. ಮೊದಲು ಹಿತ್ತಲಲ್ಲಿ ಆದದ್ದು. ಆಮೇಲೆ ಕೊಳವೆ, ಕೆಂಪು ಉಗುಳು, ನಲ್ಲಿ, ನಾನು. ಯುಗಾದಿಯ ದಿನ ಜಗುಲಿಯ ಮೇಲೆ ನನಗೆ ತಿಳಿದದ್ದೂ.

ಅವಳು ಕೈಯಲ್ಲಿದ್ದ ಬಟ್ಟೆಗಳನ್ನು ಗೋಡೆಯ ಮೇಲಿಟ್ಟಳು. "ಯಾರ ಎಂಜಲು?"

"ನಂದು."

"ಅತ್ತೆದಲ್ವಾ?"

"ಅಲ್ಲ."

"ನೀವು ಸುಮ್ನೆ ಕೇಳ್ದೆ ಅಂದಾಗ ನಾನು ಅಲ್ಲೇ ಇದ್ದೆ ಅಕ್ಕ," ಅಂದಳು. ಹಗ್ಗದಿಂದ ಮಗುವಿನ ಯೂನಿಫಾರ್ಮ್ ಎಳೆದುಕೊಂಡಳು. "ಅವತ್ತು ಹೇಳಿದ್ರೆ ಅವರು ಬಿಟ್ಟಿದ್ದ ಮಾತ್ರೆ ಮತ್ತೆ ತಗೋತಿದ್ರು. ಈಗ ಮಗಳು ಎದೆ ಹಿಡ್ಕೊಂಡು ಕೂತಳು ಅಂತ ಓಡಿ ಬಂದ್ರಿ. ಅವಳಿಗೆ ಏನೂ ಆಗಿರ್ಲಿಲ್ಲ ಅಂದಿದ್ರೆ?"

ಅವಳು ಅಳಲಿಲ್ಲ, ಕೂಗಲಿಲ್ಲ. ಕೈಯಲ್ಲಿದ್ದ ಮಗುವಿನ ಯೂನಿಫಾರ್ಮನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಆಮೇಲೆ ಡಾಕ್ಟರಿಗೆ ಫೋನು ಮಾಡಿದಳು.

ಈ ಸಲ ಕೊಳವೆಗಳು ಅವಳ ಕಣ್ಣೆದುರಿಗೇ ತುಂಬಿದವು. ಮಗುವಿನದು, ನನ್ನದು, ಅವ್ವನದು. ಮೂರನ್ನೂ ತೆಗೆದುಕೊಂಡು ಹೋಗಲು ತಮ್ಮನ ಜೊತೆ ಕೆಲಸ ಮಾಡುತ್ತಿದ್ದ ಅದೇ ಹುಡುಗಿ ಬಂದಳು. ಕೆಂಪು ಎಂಜಲನ್ನೇ ಅವತ್ತು ಕಳಿಸಿದ್ದರೆ ಏನಾಗುತ್ತಿತ್ತು ಅಂತ ಅವಳನ್ನು ಕೇಳಿದೆ.

"ಸರಿಯಿಲ್ಲ ಅಂತ ಲ್ಯಾಬಿಂದ ವಾಪಸ್ ಬರ್ತಿತ್ತು ಅಕ್ಕ. ಇನ್ನೊಂದು ಕೊಳವೆ ಕೊಡ್ತಿದ್ರು. ಅಷ್ಟೇ," ಅಂದಳು.

ಅಷ್ಟೇ.

ಅವ್ವನಿಗೆ ಆ ಅಕ್ಷರ ಇಲ್ಲ. ನನಗಿದೆ. ಮಗುವಿಗೂ ಇದೆ. ಡಾಕ್ಟರು ಅವಳನ್ನು ಒಂದು ದಿನ ಪೂರ್ತಿ ಎದೆಗೆ ವೈರುಗಳನ್ನು ಅಂಟಿಸಿ ನೋಡಿದರು. ಮೊದಲಿನ ಇಸಿಜಿಯಲ್ಲಿ ಕಾಣದ್ದು ಅದರಲ್ಲಿ ಕಂಡಿತು. ಮಾತ್ರೆ ಶುರುವಾಯಿತು, ಓಟ ನಿಂತಿತು. ಮಷೀನ್ ಬೇಕೋ ಬೇಡವೋ ಮುಂದೆ ನೋಡೋಣ, ಸದ್ಯ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ನನಗೂ ಅದೇ ಮಾತ್ರೆ. ಕೆಲವರಲ್ಲಿ ಅದು ಕಡೆಯವರೆಗೂ ಸದ್ದು ಮಾಡದೆ ಇರುತ್ತದಂತೆ. ಕಾರಣ ಅವರಿಗೂ ಗೊತ್ತಿಲ್ಲವಂತೆ.

ಅವ್ವನಿಗೆ ನಾನೇ ಹೇಳಿದೆ. ಮೊದಲು ಅವಳ ಮುಖ ಅರಳಿತು. "ಹಂಗಾದ್ರೆ ನನ್ನಿಂದಲ್ವಾ?" ಅಂದಳು. ಮರುಗಳಿಗೆಗೆ ತಾನು ಖುಷಿಪಟ್ಟದ್ದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನನ್ನು ಬೈಯಲಿಲ್ಲ. ಅಂದಿನಿಂದ ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತಾಳೆ.

ತಮ್ಮ ಡೇಟಾಬೇಸಿಗೆ ಬರೆದು ಕಳಿಸಿದ್ದನ್ನು ಆ ಹುಡುಗಿ ತಿದ್ದಿಸಿದ್ದಾಳೆ. ಆದರೆ ನಡುವೆ ಅದನ್ನು ಯಾರ್ಯಾರು ಎತ್ತಿಕೊಂಡಿದ್ದಾರೆ, ಎಲ್ಲೆಲ್ಲಿ ಹಾಕಿಕೊಂಡಿದ್ದಾರೆ ಅನ್ನುವುದು ಅವಳಿಗೂ ಗೊತ್ತಿಲ್ಲ. ಯಾವ ದೇಶದಲ್ಲೋ ಯಾರ ಮನೆಯಲ್ಲೋ ಅದೇ ಎಚ್ ಇರುವ ಒಬ್ಬರು, ಆರೋಗ್ಯವಾಗಿರುವ ವಯಸ್ಸಾದ ಹೆಂಗಸೊಬ್ಬಳಲ್ಲಿ ಇದು ಕಂಡಿದೆ ಅನ್ನುವುದನ್ನು ಓದಿ ಸಮಾಧಾನದಿಂದ ಆಟಕ್ಕೆಂದು ಬೂಟಿನ ದಾರ ಕಟ್ಟುತ್ತಿರಬಹುದು. ಅಂಥ ಹೆಂಗಸು ಇಲ್ಲ. ಇರುವುದು ನಾನು.

ತಮ್ಮನ ಹೆಂಡತಿ ಮಗುವನ್ನು ಈಗ ಭದ್ರಾವತಿಗೆ ಕಳಿಸುವುದಿಲ್ಲ. ರಜೆಗೆ ಕಳಿಸುತ್ತೀಯಾ ಅಂತ ಒಮ್ಮೆ ಕೇಳಿದೆ. "ಬೇಡ ಅಕ್ಕ. ನಂಗೆ ಮನಸ್ಸಿಲ್ಲ," ಅಂದಳು. ತಪ್ಪು ಅನ್ನಲಾರೆ. ನನ್ನ ಫೋನನ್ನೂ ಅವಳು ಎತ್ತುವುದಿಲ್ಲ. ಆದರೆ ದಿನಾ ಸಂಜೆ ಮಗುವಿಗೆ ಮಾತ್ರೆ ಕೊಟ್ಟ ಮೇಲೆ ನನ್ನ ಮೊಬೈಲಿಗೆ ಒಂದೇ ಪದ ಬರುತ್ತದೆ. ಕೊಟ್ಟೆ. ಅದರ ಹಿಂದೆ ಮುಂದೆ ಏನೂ ಇರುವುದಿಲ್ಲ. ಅವಳು ಅದನ್ನು ಯಾಕೆ ಕಳಿಸುತ್ತಾಳೆ ಅಂತ ನಾನು ಕೇಳಿಲ್ಲ. ಕೇಳಿದರೆ ನಿಲ್ಲಿಸಿಬಿಟ್ಟಾಳು ಅನ್ನುವ ಭಯ. ಕೆಲವು ದಿನ ಬೇಗ ಬರುತ್ತದೆ, ಕೆಲವು ದಿನ ತಡವಾಗುತ್ತದೆ. ಗಿರಾಕಿಗಳೆಲ್ಲ ಹೋಗಿ ಗಂಡ ಊಟಕ್ಕೆ ಕರೆದರೂ, ಅದು ಬರುವ ತನಕ ನಾನು ಗಿರಣಿಯಿಂದ ಏಳುವುದಿಲ್ಲ.